ಗಾಳಿ ತೋರಿಸಿದ ಕೈ

ಗಾಜಿನ ಮನೆಯಲ್ಲಿ ‘ಕಟ್ಟುಗಾರ’ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಹೊಲಿಗೆ ಯಂತ್ರದಷ್ಟು ಎತ್ತರದ ಆ ಸಾಧನ ಸಾಲಾಗಿಟ್ಟ ಎಳೆಯ ಮಾವಿನ ಗಿಡಗಳ ಕಸಿ ಕಟ್ಟಿದ ಜಾಗಗಳಿಗೆಲ್ಲ ನೀಲಿ ಬೆಳಕಿನ ಉಂಗುರ ತೊಡಿಸಿ, ತಾಸಿಗೊಮ್ಮೆ ಮಿಣುಕುತ್ತಿತ್ತು. ಕೈಯಿಂದ ಕಟ್ಟಿದ ಕಸಿ ಕೂಡಲು ತಿಂಗಳು ಬೇಕು, ಕೂಡುತ್ತದೆಂಬ ಖಾತ್ರಿಯೂ ಇಲ್ಲ. ಕಟ್ಟುಗಾರನಿಗೆ ನಾಲ್ಕು ದಿನ ಸಾಕು.

ಬಾಗಿಲ ಬಳಿ ನೀರಿನ ಝಾರಿ ಹಿಡಿದು ನಿಂತಿದ್ದ ದಾವಲಸಾಬ ಬಾಗವಾನನಿಗೆ ಇದನ್ನು ನೋಡಿ ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಧಾರವಾಡದ ಈ ಸಂಶೋಧನಾ ಕೇಂದ್ರದಲ್ಲಿ ನಲವತ್ತೈದು ವರ್ಷ ಮಾವಿಗೆ ಕಸಿ ಕಟ್ಟಿದವನು ಅವನು. ಎರಡು ವರ್ಷದಿಂದ ಬಲಗೈ ನಡುಗುತ್ತಿತ್ತು. ಚಾಕು ಜಾರುತ್ತಿತ್ತು, ಹತ್ತು ಕಸಿ ಕಟ್ಟಿದರೆ ಎಂಟು ಒಣಗುತ್ತಿದ್ದವು. ಅದೇ ಹೊತ್ತಿಗೆ ಕೇಂದ್ರದ ಹಿತ್ತಲಿನ ಬೆಲ್ಲಗೋಟಿ ಮಾವಿನ ಮರಕ್ಕೆ ಕಾಂಡ ಕೊಳೆಯುವ ರೋಗ ತಗುಲಿತು. ಆ ಜಾತಿಯಲ್ಲಿ ಉಳಿದಿದ್ದದ್ದು ಅದೊಂದೇ ಮರ, ಅದಕ್ಕೂ ಆ ಮಳೆಗಾಲವೇ ಕೊನೆ ಎಂದು ಎಲ್ಲರೂ ಕೈಚೆಲ್ಲಿದ್ದರು. ಕಟ್ಟುಗಾರ ಈಗ ಕೂಡಿಸುತ್ತಿದ್ದ ಕಸಿಗಳೆಲ್ಲ ಅದರ ಎಳೆ ಕಡ್ಡಿಗಳವು. ದಾವಲಸಾಬನ ಹೆಂಡತಿ ಜೈತುನಬಿ ಆ ಮರದ ಹಣ್ಣನ್ನೇ ಬುಟ್ಟಿಯಲ್ಲಿ ಹೊತ್ತು ಪೇಟೆಯಲ್ಲಿ ಮಾರಿ ಸಂಸಾರ ತೂಗಿಸಿದ್ದಳು. ಅವಳು ಹೋಗಿ ಏಳು ತಿಂಗಳಾಗಿತ್ತು.

“ಇದು ಒಳಗ ಏನ್ ಮಾಡ್ತದ್ರೀ ಅಕ್ಕಾರ?” ಎಂದು ಅವನು ಕೇಳಿದ.

ಕಟ್ಟುಗಾರನನ್ನು ರೂಪಿಸಿದ ಡಾಕ್ಟರ್ ಶಾಲ್ಮಲಾ ಹಂಪಿಹೊಳಿಗೆ ಈ ಮುದುಕನೆಂದರೆ ಅಕ್ಕರೆ. “ಗಿಡದ ಕೋಶ ಅಂದ್ರ ಒಂದು ಸಣ್ಣ ಖೋಲಿ ಅನ್ಕೋರಿ, ಕಾಕಾ. ಒಳಗ ಕಣ್ಣಿಗೆ ಕಾಣದಂಥಾ ಎಳೀದ ಹಂದರ ಇರ್ತದ. ಖೋಲಿ ಎರಡಾಗೂಕಿಂತ ಮೊದಲ ಆ ಎಳಿ ಎಲ್ಲಾ ಕೂಡಿ ಅದರ ನಡುವಿಗೆ ಒಂದು ಪಟ್ಟಿ ಕಟ್ತಾವು. ಅದಕ್ಕ ನಾವು ನಡುಕಟ್ಟು ಅಂತೀವಿ. ಮುಂದ ಗೋಡಿ ಎಲ್ಲಿ ಏಳಬೇಕು ಅನ್ನೋದಕ್ಕ ಅದು ಗುರುತು.”

“ಗೋಡಿ ಎದ್ದ ಮ್ಯಾಲ ಪಟ್ಟಿ ಬಿಚ್ಚತಾವೇನ್ರಿ?”

“ಅಲ್ಲೇ ಐತಿ ನೋಡ್ರಿ ವಿಚಿತ್ರ. ಗೋಡಿ ಏಳೂಕಿಂತ ಮೊದಲ ಪಟ್ಟಿ ಕರಗಿಬಿಡ್ತದ. ಹುಡುಕಿದ್ರೂ ಸಿಗೂದಿಲ್ಲ. ಆದ್ರ ಹೊಸಾ ಗೋಡಿ ಬಂದು ಮುಟ್ಟೂದು ಅದು ಇದ್ದ ಜಾಗಾನ. ಇಲ್ಲದ್ದನ್ನ ಖೋಲಿ ನೆನಪಿಟ್ಟಿರ್ತದ.”

ದಾವಲಸಾಬ ಝಾರಿಯನ್ನು ಎಡಗೈಗೆ ಬದಲಿಸಿಕೊಂಡ. ಇಲ್ಲದ್ದನ್ನು ನೆನಪಿಟ್ಟುಕೊಳ್ಳುವ ಕೆಲಸ ಅವನಿಗೆ ಹೊಸದೇನಲ್ಲ.

ಗಿಡಕ್ಕೆ ಗಾಯವಾದಾಗ ಸುತ್ತಲಿನ ಕೋಶಗಳು ಆ ನಡುಕಟ್ಟನ್ನು ತಮಗೆ ತೋಚಿದತ್ತ ತಿರುಗಿಸಿಕೊಂಡು, ಅಡ್ಡಾದಿಡ್ಡಿ ಗೋಡೆ ಎಬ್ಬಿಸುತ್ತ, ನಿಧಾನವಾಗಿ ಗಾಯ ತುಂಬುತ್ತವೆ. ಕಟ್ಟುಗಾರನ ಬೆಳಕು ಆ ತಡವರಿಕೆಗೆ ಆಸ್ಪದ ಕೊಡುತ್ತಿರಲಿಲ್ಲ. ಸಾವಿರಾರು ನಡುಕಟ್ಟುಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ, ಗೋಡೆಗಳೆಲ್ಲ ಇಟ್ಟಿಗೆಯ ವರಸೆಯಂತೆ ಸಾಲಾಗಿ ಏಳುವಂತೆ ಮಾಡುತ್ತಿತ್ತು. ಕೂಡಿದ ಜಾಗ ಬೆರಳಿಗೂ ಗೊತ್ತಾಗುತ್ತಿರಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ದಾವಲಸಾಬ ಒಂದು ತಪ್ಪು ಮಾಡಿದ. ನೀರು ಹಾಕಿ ಮುಗಿಸಿ, ಅಭ್ಯಾಸಬಲದಿಂದ ಸಾಲಿನ ಕೊನೆಯ ಗಿಡವನ್ನು ಅಂಗೈಯಿಂದ ಮೆಲ್ಲಗೆ ನೂಕಿದ. ನಡುಗುವ ಕೈಯಲ್ಲಿ ಗಿಡವೂ ಗಡಗಡ ನಡುಗಿತು. ಕಟ್ಟುಗಾರ ಕಿರುಚಿಕೊಂಡಿತು. ಶಾಲ್ಮಲಾ ಓಡಿ ಬಂದಳು.

“ಯಾಕ ಮುಟ್ಟಿದ್ರಿ, ಕಾಕಾ?”

“ಗಾಳಿ ತೋರಿಸಿದ್ನಿರಿ. ನಮ್ಮಪ್ಪಾ ದಿನಾ ಮುಂಜಾನೆ ಪ್ರತಿ ಕಸಿಗೂ ಹಿಂಗ ಗಾಳಿ ತೋರಿಸ್ತಿದ್ದ. ನಾನೂ ತೋರಿಸ್ತೇನಿ.”

“ಅದರಿಂದ ಏನಾಗ್ತದ?”

ಅಪ್ಪನನ್ನು ಅವನೆಂದೂ ಕೇಳಿರಲಿಲ್ಲ. ಉತ್ತರ ಗೊತ್ತಿಲ್ಲದ ಕೆಲಸಕ್ಕೆ ವಿಜ್ಞಾನದಲ್ಲಿ ಜಾಗವಿಲ್ಲ. ಶಾಲ್ಮಲಾ ನೊಂದುಕೊಂಡೇ ಹೇಳಿದಳು: “ಇನ್ನ ಒಳಗ ಬರಬ್ಯಾಡ್ರಿ, ಕಾಕಾ. ನಿಮ್ಮ ಕೈ ನಡುಗ್ತದ. ಒಂದೊಂದು ಗಿಡಾನೂ ನಮಗ ಜೀವ ಇದ್ದಂಗ.” ಕೆಟ್ಟಿತೆಂದು ತೆಗೆದಿಟ್ಟ ಆ ಗಿಡವನ್ನು ದಾವಲಸಾಬ ಕೇಳಿ ಇಸಿದುಕೊಂಡು ಹೋಗಿ, ಕಬರಸ್ತಾನದಲ್ಲಿ ಜೈತುನಬಿಯ ತಲೆದೆಸೆಗೆ ನೆಟ್ಟ. ಅವನಿಗೆ ಅವಮಾನವಾಗಿತ್ತು. ಆದರೆ ಆ ನಡುಗುವ ಕೈಯನ್ನು ಅವನೂ ನಂಬುತ್ತಿರಲಿಲ್ಲವಾದ್ದರಿಂದ ಸಿಟ್ಟು ಮಾಡಿಕೊಳ್ಳಲು ಯಾರೂ ಸಿಗಲಿಲ್ಲ.

ಆ ವರ್ಷವೇ ತಾಯಿಮರ ಒಣಗಿತು. ಮುನ್ನೂರ ಹನ್ನೆರಡು ಕಸಿಗಳು ಗಾಳಿ ಸುಳಿಯದ ಗಾಜಿನ ಮನೆಯಲ್ಲಿ ಒಂದು ವರ್ಷ ಬೆಳೆದು, ಮರುವರ್ಷದ ಜೂನ್‌ನಲ್ಲಿ ಮೂವತ್ತು ಕಿಲೋಮೀಟರ್ ದೂರದ ಹೊಲ ಸೇರಿದವು. ಕೋಲುಗಳ ಆಸರೆಯಲ್ಲಿ ಚೆನ್ನಾಗಿಯೇ ಚಿಗುರಿದವು. ಏಪ್ರಿಲ್‌ನಲ್ಲಿ ಆಸರೆ ತೆಗೆದ ವಾರಕ್ಕೆ ಧಾರವಾಡದಿಂದ ಹೊಲದವರೆಗೂ ಅಡ್ಡಮಳೆಯ ಬಿರುಗಾಳಿ ಬೀಸಿತು. ರಸ್ತೆಗೆ ಮರಗಳು ಉರುಳಿದ್ದರಿಂದ ಶಾಲ್ಮಲಾ ಹೊಲ ಮುಟ್ಟಿದ್ದು ಮೂರನೆಯ ದಿನ. ಮುನ್ನೂರ ಹನ್ನೆರಡೂ ಕಸಿ ಕೂಡಿದ ಜಾಗದಲ್ಲೇ ಮುರಿದಿದ್ದವು. ಮುರಿದ ಮೈ ಚಾಕುವಿನಿಂದ ಕೊಯ್ದಷ್ಟು ನುಣುಪಾಗಿತ್ತು. ನೆಲಕ್ಕೆ ಬಿದ್ದ ತುದಿಗಳು ಬಿಸಿಲಿಗೆ ಹಪ್ಪಳವಾಗಿದ್ದವು, ಮತ್ತೆ ಕಸಿ ಕಟ್ಟಲು ಒಂದು ಕಡ್ಡಿಯೂ ದಕ್ಕಲಿಲ್ಲ.

ಅಂದು ಕೆಟ್ಟಿತೆಂದು ಕೊಟ್ಟುಬಿಟ್ಟ ಗಿಡ ನೆನಪಾಗಿ ಶುಕ್ರವಾರ ಅವಳು ಕಬರಸ್ತಾನಕ್ಕೆ ಬಂದಾಗ ದಾವಲಸಾಬ ಫಾತಿಹಾ ಮುಗಿಸಿ ಏಳುತ್ತಿದ್ದ. ಮೊಣಕಾಲು ನೋವಿನವನು, ಎಡಗೈ ನೆಲಕ್ಕೆ ಊರಿ, ನಡುಗುವ ಬಲಗೈಯಲ್ಲಿ ಗಿಡದ ಕಾಂಡ ಹಿಡಿದು ಭಾರ ಬಿಟ್ಟ. ಗಿಡ ಬಾಗಿತೇ ಹೊರತು ಮುರಿಯಲಿಲ್ಲ. ವಾರವಾರವೂ ಅವನು ಹೀಗೆಯೇ ಏಳುತ್ತಿದ್ದ. ಗಿಡದಲ್ಲಿ ಮೊದಲ ಫಸಲಿನ ಐದು ಮಿಡಿಗಳಿದ್ದವು.

ಅವಳು ಎಲ್ಲವನ್ನೂ ಹೇಳಿದಳು. ಕೊನೆಗೆ, “ಈಗ ಬೆಲ್ಲಗೋಟಿ ಅಂತ ಉಳದದ್ದು ಇದೊಂದ, ಕಾಕಾ,” ಎಂದಳು.

“ಕಡ್ಡಿ ಬೇಕೇನ್ರಿ? ಒಯ್ರಿ.”

“ಕಡ್ಡಿ ಅಷ್ಟ ಸಾಲೂದಿಲ್ಲ. ಇದ್ಯಾಕ ಉಳೀತು ಅಂತ ತಿಳೀದಿದ್ರ ಹೊಸಾವೂ ಮುರೀತಾವು. ಕಸಿ ಕೂಡಿದ ಜಾಗಾನ ಕೊಯ್ದು ನೋಡಬೇಕು.” ಅವಳು ಕಾಂಡದ ಬುಡದ ಹತ್ತಿರ ಬೆರಳಿಟ್ಟು ತೋರಿಸಿದಳು. “ಅದರ ಕೆಳಗ ಕಡೀಬೇಕಾಗ್ತದ.”

ದಾವಲಸಾಬ ಗೋರಿಯ ಕಡೆ ನೋಡಿದ. “ಈ ಸಲ ಹಣ್ಣ ತಿನಸ್ತೇನಿ ಅಂತ ಆಕೀಗೆ ಹೇಳಿದ್ನಿರಿ,” ಎಂದ. ಆಮೇಲೆ ಐದೂ ಮಿಡಿಗಳನ್ನು ಕಿತ್ತು ಗೋರಿಯ ಮೇಲಿಟ್ಟು, “ಕಡೀರಿ,” ಎಂದ.

ಹದಿನಾಲ್ಕು ಕಡ್ಡಿ ಸಿಕ್ಕವು. ಕೇಂದ್ರದ ಬಯಲಿನಲ್ಲಿ ಕೈಯಿಂದಲೇ ಕಸಿ ಕಟ್ಟಿದರು. ಕಟ್ಟುಗಾರನಿಗೆ ಬಟ್ಟೆ ಮುಚ್ಚಿದ್ದರು. ಕಾಂಡದ ತುಂಡನ್ನು ಕಾಗದಕ್ಕಿಂತ ತೆಳ್ಳಗೆ ಸೀಳಿ ಶಾಲ್ಮಲಾ ಸೂಕ್ಷ್ಮದರ್ಶಕದ ಪರದೆಯ ಮೇಲೆ ದಾವಲಸಾಬನಿಗೆ ತೋರಿಸಿದಳು. ಅಲ್ಲಿ ಒಂದು ಗೋಡೆಯೂ ನೆಟ್ಟಗಿರಲಿಲ್ಲ. ಕೋಶಗಳು ಕಂಬಳಿಯ ಉಣ್ಣೆಯಂತೆ ಒಂದರೊಳಗೊಂದು ಹೆಣೆದುಕೊಂಡಿದ್ದವು.

“ಗಿಡಾ ಅಲುಗಾಡಿದ್ರ ಕೋಶದ ಹಂದರ ಎಳೆತ ಬಿದ್ದ ಕಡೆ ತಿರಗ್ತದ. ನಡುಕಟ್ಟೂ ತಿರಗ್ತದ. ಗೋಡಿ ಸಿಕ್ಕಾಪಟ್ಟಿ ಹೆಣಕೊಂತಾವು. ಅದ ಗಟ್ಟಿ. ನಾವು ನೆಟ್ಟಗ ಕಟ್ಟಿಸಿದ್ವಿ, ನೆಟ್ಟಗ ಸೀಳಿಬಿಟ್ಟಾವು.” ಅವಳು ಅವನ ಮುಖ ನೋಡಲಾರದೆ ಹೇಳಿದಳು: “ನಿಮ್ಮಪ್ಪಾ ಗಾಳಿ ತೋರಿಸ್ತಿದ್ದದ್ದು ಇದಕ್ಕ, ಕಾಕಾ. ನಡುಗೂ ಕೈ ಅಂತ ನಾನ ನಿಮ್ಮನ್ನ ಹೊರಗ ಹಾಕಿದೆ. ನಾಳೆಯಿಂದ ದಿನಾ ಬಂದು ಈ ಹದಿನಾಲ್ಕನ್ನೂ ಮುಟ್ರಿ.”

“ಬರ್ತೇನ್ರಿ,” ಎಂದನಷ್ಟೇ. ಗೆದ್ದ ಸಂತೋಷ ಎದೆಯಲ್ಲಿ ಹುಡುಕಿದರೂ ಇರಲಿಲ್ಲ.

ಮುಂದಿನ ಶುಕ್ರವಾರ ಹದಿನಾಲ್ಕು ಕಸಿಗೂ ಗಾಳಿ ತೋರಿಸಿ ಅವನು ಕಬರಸ್ತಾನಕ್ಕೆ ಹೋದ. ಮಿಡಿಗಳು ಕಪ್ಪಾಗಿ ಮುದುಡಿದ್ದವು. ಗಿಡವಿದ್ದಲ್ಲಿ ಗೇಣುದ್ದದ ಮೋಟು ಮಾತ್ರ ಇತ್ತು. ಫಾತಿಹಾ ಓದಿ ಮುಗಿಸಿ, ಎಡಗೈ ನೆಲಕ್ಕೆ ಊರಿ, ಎಂದಿನಂತೆ ಬಲಗೈ ಚಾಚಿದ. ಕೈ ನೇರವಾಗಿ ಕಾಂಡ ಇದ್ದ ಜಾಗಕ್ಕೇ ಹೋಗಿ, ಅಲ್ಲಿ ಏನೂ ಸಿಗದೆ, ಹಾಗೆಯೇ ನಡುಗುತ್ತ ನಿಂತಿತು. ಅವನಿಗೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಏಳಲಾಗದೆ ಬಹಳ ಹೊತ್ತು ಅಲ್ಲೇ ಕೂತಿದ್ದ.