ಬಾಟಲಿಯ ಮೇಲಿದ್ದ ಹೆಸರು

“ಸೋಡಿಯಂ ಕ್ಲೋರೈಡ್.”

ಬಾಟಲಿಯ ಮೇಲಿನ ಅಕ್ಷರಗಳನ್ನು ಚಿನಕುರಳಿ ಇನ್ನೊಂದು ಸಲ ಓದಿದಳು. ಆ ಬಾಟಲಿಯಿಂದ ನೀರಿನಂಥದ್ದು ತೊಟ್ಟು ತೊಟ್ಟಾಗಿ ಇಳಿದು, ಕೊಳವೆಯಲ್ಲಿ ಹರಿದು, ಅಮ್ಮನ ಕೈಯೊಳಗೆ ಹೋಗುತ್ತಿತ್ತು.

ಬೆಳಗ್ಗೆ ತಾನೇ ವಿಜ್ಞಾನದ ಮೇಷ್ಟ್ರು ಆ ಹೆಸರನ್ನು ಬೋರ್ಡಿನ ಮೇಲೆ ಬರೆದಿದ್ದರು. “ಸೋಡಿಯಂ ನೀರಿಗೆ ಬಿದ್ರೆ ಢಂ ಅನ್ನುತ್ತೆ! ಕ್ಲೋರಿನ್ನು ವಿಷದ ಗಾಳಿ. ಇವೆರಡೂ ಸೇರಿದ್ರೆ ಏನಾಗುತ್ತೆ, ಹೇಳಿ ನೋಡೋಣ?”

ಅಷ್ಟರಲ್ಲಿ ಅಪ್ಪ ಕ್ಲಾಸಿನ ಬಾಗಿಲಿಗೆ ಬಂದಿದ್ದ. ವಾಂತಿ ನಿಲ್ಲದೆ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದರು. ಉತ್ತರ ಕೇಳುವ ಮೊದಲೇ ಚಿನಕುರಳಿ ಬ್ಯಾಗ್ ಎತ್ತಿಕೊಂಡು ಓಡಿದ್ದಳು.

ಈಗ ಅಪ್ಪ ಮಾತ್ರೆ ತರಲು ಕೆಳಗೆ ಹೋಗಿದ್ದ. ಅಮ್ಮನ ತುಟಿ ಒಣಗಿತ್ತು. ಸೂಜಿ ಚುಚ್ಚುವಾಗ ನರಳಿದ್ದಳೇ ಹೊರತು ಒಂದು ಹನಿ ಕಣ್ಣೀರೂ ಬಂದಿರಲಿಲ್ಲ.

‘ಎರಡು ಕೆಟ್ಟದ್ದು ಸೇರಿದರೆ ಇನ್ನೂ ಕೆಟ್ಟದ್ದೇ ತಾನೇ?’

ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಹುಡುಗಿ ಯಾರನ್ನೂ ಕರೆಯದೆ ಸರಕ್ಕನೆ ಎದ್ದಳು. ಕೊಳವೆಯ ಮೇಲಿನ ಪುಟ್ಟ ಚಕ್ರವನ್ನು ಸಿಸ್ಟರ್ ತಿರುಗಿಸಿದ್ದನ್ನು ಅವಳು ನೋಡಿದ್ದಳು. ಬೆರಳಿನಿಂದ ಅದನ್ನು ಉರುಳಿಸಿದಳು. ತೊಟ್ಟು ನಿಂತಿತು.

ಸ್ವಲ್ಪ ಹೊತ್ತಿಗೆ ಸಿಸ್ಟರ್ ಬಂದರು. “ಇದನ್ಯಾರು ನಿಲ್ಸಿದ್ದು?”

ನಿಲ್ಲಿಸಬಾರದಿತ್ತೇ? ಅಮ್ಮನಿಗೆ ಏನಾದರೂ ಆಗಿಬಿಟ್ಟರೆ? ಚಿನಕುರಳಿಯ ಕಣ್ಣೀರು ಕೆನ್ನೆಗಿಳಿಯಿತು.

“ನಾ... ನಾನೇ. ಅದು ಸಿಡಿಯುತ್ತೆ ಸಿಸ್ಟರ್. ವಿಷ ಅದು. ಮೇಷ್ಟ್ರು ಹೇಳಿದ್ರು.”

ಸಿಸ್ಟರ್ ಮೊದಲು ಚಕ್ರ ತಿರುಗಿಸಿದರು. ಗಡಿಯಾರ ನೋಡುತ್ತಾ ತೊಟ್ಟುಗಳನ್ನು ಎಣಿಸಿದರು. ಆಮೇಲೆ ಅವಳ ಕಡೆ ತಿರುಗಿದರು.

“ಅಮ್ಮಂಗೇನೂ ಆಗಿಲ್ಲ. ಆದ್ರೆ ಇನ್ಮೇಲೆ ಇದನ್ನ ಮುಟ್ಬೇಡ, ನನ್ನ ಕರಿ. ಅರ್ಧ ಪಾಠ ಕೇಳಿ ಪೂರ್ತಿ ಹೆದರ್ಕೊಂಡಿದೀಯಲ್ಲೇ! ಸೋಡಿಯಂ ಹತ್ರ ಹೊರಗಡೆ ಒಂದೇ ಒಂದು ಎಲೆಕ್ಟ್ರಾನ್ ಇರುತ್ತೆ. ಅದಕ್ಕೇ ಅಷ್ಟು ರಂಪಾಟ. ಕ್ಲೋರಿನ್ನಿಗೆ ಒಂದು ಕಮ್ಮಿ. ಅದಕ್ಕೆ ಕಿತ್ಕೊಳ್ಳೋ ಬುದ್ಧಿ. ಇದು ಕೊಡ್ತು, ಅದು ತಗೊಳ್ತು. ಕೊಟ್ಟಿದ್ದು ಪ್ಲಸ್, ತಗೊಂಡಿದ್ದು ಮೈನಸ್. ಎರಡೂ ಒಂದನ್ನೊಂದು ಗಟ್ಟಿಯಾಗಿ ಹಿಡ್ಕೊಂಡ್ವು. ರಂಪಾಟ ಮುಗೀತು.”

“ಹಿಡ್ಕೊಂಡು ಏನಾದ್ವು?”

“ಕೆನ್ನೆ ಮೇಲೆ ಇಳೀತಿದೆಯಲ್ಲ, ಅದನ್ನ ನೆಕ್ಕಿ ನೋಡು.”

ಚಿನಕುರಳಿ ನಾಲಿಗೆ ಚಾಚಿದಳು. “ಉಪ್ಪಾ? ಅಡುಗೆ ಉಪ್ಪಾ?”

“ಅದೇ. ವಾಂತಿಯಾಗಿ ಅಮ್ಮನ ಮೈಯಿಂದ ನೀರೂ ಉಪ್ಪೂ ಹೋಗಿತ್ತು, ಕಣ್ಣೀರಿಗೂ ಉಳಿದಿರಲಿಲ್ಲ. ಈಗ ತುಂಬ್ತಾ ಇದೀವಿ.”

ಅವಳ ಹೆದರಿಕೆ ಪೂರ್ತಿ ಹೋಗಿರಲಿಲ್ಲ. “ನೀರಲ್ಲಿ ಕರಗಿದ್ರೆ ಮತ್ತೆ ಬೇರೆ ಆಗಲ್ವಾ?”

“ಆಗ್ತಾವೆ. ಆದ್ರೆ ಕೊಟ್ಟಿದ್ದನ್ನ ವಾಪಸ್ ಕೇಳಲ್ಲ. ಅದಕ್ಕೇ ಢಂ ಅನ್ನಲ್ಲ.”

ಬಾಟಲಿ ಅರ್ಧ ಖಾಲಿಯಾಗುವವರೆಗೂ ಚಿನಕುರಳಿ ಅಮ್ಮನ ಇನ್ನೊಂದು ಕೈ ಬಿಡಲಿಲ್ಲ. ಆಗ ಅಮ್ಮ ಕಣ್ಣು ಬಿಟ್ಟಳು. ಮಗಳನ್ನು ನೋಡಿದ್ದೇ ತಡ, ಕಣ್ಣಂಚಿನಲ್ಲಿ ಒಂದು ಹನಿ ಮೂಡಿತು.

“ಅಳ್ಬೇಡಮ್ಮಾ,” ಎಂದು ಚಿನಕುರಳಿ ಅದನ್ನು ಒರೆಸಿದಳು. ಯಾರಿಗೂ ಕಾಣದಂತೆ ಒದ್ದೆ ಬೆರಳನ್ನು ನಾಲಿಗೆಗೆ ತಾಗಿಸಿಕೊಂಡಳು. ಆಮೇಲೆ ಬಾಟಲಿಯತ್ತ ತಲೆಯೆತ್ತಿ, ಬೀಳುವ ತೊಟ್ಟುಗಳನ್ನು ಎಣಿಸತೊಡಗಿದಳು.