ಸಿಡುಕಿಯ ಅಕ್ಷರಾಭ್ಯಾಸ

ಗೆದ್ದು ಬಂದವಳ ಮುಖ ಹಾಗಿರಬಾರದಿತ್ತು. ಮ್ಯಾನೇಜರ್ ಕೋಣೆಯ ಬಾಗಿಲನ್ನು ಧಡಾರನೆ ಎಳೆದುಕೊಂಡು ಹೊರಬಂದವಳು ಲಿಫ್ಟಿಗೂ ಕಾಯಲಿಲ್ಲ. ಲಿಫ್ಟ್ ರಿಪೇರಿಯೇ ಅವಳ ಹೊಟ್ಟೆಪಾಡು, ಆದರೂ ಮೆಟ್ಟಿಲು ಹತ್ತಿಯೇ ಮೇಲೆ ಹೋದಳು. ಸಿಟ್ಟು ಅಷ್ಟಿತ್ತು.

ಮಹಡಿಯ ಮೋಟಾರು ಕೋಣೆಯಲ್ಲಿ ಗೋಂದು ಕೂತಿದ್ದ. ಅವನೂ ಅದೇ ಕಂಪನಿಯ ಮೆಕ್ಯಾನಿಕ್. ಚೀನೀ ಕಲಿಯತೊಡಗಿದಂದಿನಿಂದ ಸ್ಕ್ರೂಡ್ರೈವರು, ನೀರಿನ ಬಾಟಲಿ, ಕುರ್ಚಿಯ ಬೆನ್ನು, ಕಂಡಕಂಡದ್ದಕ್ಕೆಲ್ಲ ಅದರ ಚೀನೀ ಹೆಸರು ಬರೆದು ಅಂಟಿಸುತ್ತಿದ್ದ. ಹಾಗಾಗಿ 'ಗೋಂದು' ಅವಳೇ ಇಟ್ಟ ಹೆಸರು. ಅವನು ಅವಳನ್ನು ಸಿಡುಕಿ ಎಂದು ಕರೆದು ಲೆಕ್ಕ ಚುಕ್ತಾ ಮಾಡಿದ್ದ.

"ಕಂಗ್ರಾಟ್ಸ್, ಸಿಡುಕಿ."

"ಬಾಯಿ ಮುಚ್ಚು. ಬೇಕಂತಲೇ ಸೋತೆ ತಾನೆ?"

ಅವನು ಕೈಯಲ್ಲಿದ್ದ ಬಟ್ಟೆಯಿಂದ ಒರೆಸಿದ್ದನ್ನೇ ಮತ್ತೆ ಒರೆಸತೊಡಗಿದ.

ಕಂಪನಿಗೆ ಬರುತ್ತಿದ್ದ ಹೊಸ ಲಿಫ್ಟುಗಳ ಪ್ಯಾನೆಲ್ ತುಂಬ ಚೀನೀ ಅಕ್ಷರ. ಅವನ್ನು ತಯಾರಿಸುವ ಚೀನಾದ ಕಾರ್ಖಾನೆಗೇ ಒಬ್ಬರನ್ನು ಒಂದು ವರ್ಷ ತರಬೇತಿಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಸೀಟು ಒಂದು, ಕಣ್ಣಿಟ್ಟವರು ಇಬ್ಬರು; ಚೀನೀ ಅಕ್ಷರದ ಪರೀಕ್ಷೆಯಲ್ಲಿ ಗೆದ್ದವರಿಗೆ ಸೀಟು. "ಹೆಣ್ಣುಮಗಳು, ಲಿಫ್ಟಿನ ಗುಂಡಿಗೆ ಯಾಕೆ ಇಳೀತೀಯಮ್ಮ, ಫೋನ್ ಎತ್ಕೊಂಡು ಕೂತ್ಕೋ" ಎಂದು ವರ್ಷಗಟ್ಟಲೆ ಕೇಳಿಸಿಕೊಂಡವಳಿಗೆ ಆ ಸೀಟು ಬರೀ ಪ್ರಯಾಣವಾಗಿರಲಿಲ್ಲ.

ಆದರೆ ಅಕ್ಷರಗಳು ಅವಳ ತಲೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಪುಟಗಟ್ಟಲೆ ತಿದ್ದಿದರೂ ಬೆಳಗಾಗುವಷ್ಟರಲ್ಲಿ ಮಾಯ. ಒಂದು ದಿನ ಪೆನ್ನು ಎಸೆದಾಗ ಅದನ್ನು ಎತ್ತಿಕೊಟ್ಟವನು ಗೋಂದುವೇ.

"ನಿಂಗೆ ಯಾವುದು ಮರೆಯಲ್ಲ ಹೇಳು?"

"ಸಿಟ್ಟು ಬಂದದ್ದು ಯಾವುದೂ ಮರೆಯಲ್ಲ."

"ಹಾಗಾದ್ರೆ ಒಂದೊಂದು ಅಕ್ಷರಕ್ಕೂ ಒಂದೊಂದು ಜಗಳ ಕಟ್ಟು."

ಕಟ್ಟಿದಳು. ಮರಕ್ಕೆ ಒರಗಿದ ಮನುಷ್ಯನ ಅಕ್ಷರ 'ವಿಶ್ರಾಂತಿ': ಅವಳು ಕೇಬಲ್ ಎಳೆಯುತ್ತಿದ್ದಾಗ ಗೋಡೆಗೆ ಒರಗಿ ನಿಂತ ಗೋಂದು. ಬಾಗಿಲೊಳಗೆ ಬಾಯಿ ಇದ್ದರೆ 'ಕೇಳು': ಕೆಲಸದ ನಡುವೆ ತಲೆ ತೂರಿಸಿ "ಊಟ ಆಯ್ತಾ?" ಎನ್ನುವ ಗೋಂದು. ಸೊಪ್ಪು ಬಿಡಿಸುತ್ತಾ ಅಡುಗೆಮನೆಯಲ್ಲೂ ಅವನನ್ನು ಬೈಯುತ್ತಿದ್ದಳು.

"ಯಾರಿಗೆ ಬೈತಿದ್ದೀಯೆ?" ಎಂದಳು ಅಕ್ಕ.

"ಓದ್ತಿದ್ದೀನಿ ಕಣೇ."

"ಸಂಜೆಯಿಡೀ ಒಬ್ಬನಿಗೇ ಬೈಯೋದನ್ನ ಓದು ಅನ್ನಲ್ಲ, ಬೇರೆ ಏನೋ ಅಂತಾರೆ."

ಅಕ್ಕನಿಗೂ ಬೈಸಿಕೊಳ್ಳುವ ಯೋಗ ಅವತ್ತು.

ಇವತ್ತು ಬೆಳಿಗ್ಗೆ ಪರೀಕ್ಷೆ ಇತ್ತು. ಚೀನೀ ಪಾಠ ಹೇಳುವ ಮೇಡಂ ಒಂದೊಂದೇ ಅಕ್ಷರ ತೋರಿಸಿದರು. ಇಬ್ಬರೂ ಸಮಸಮ. ಕೊನೆಗೆ ಒಂದನ್ನು ತೋರಿಸಿದಾಗ ಗೋಂದು ಗೊತ್ತಿಲ್ಲವೆಂದು ತಲೆಯಾಡಿಸಿದ. ಮೇಲೆ ಒಬ್ಬ ಹೆಂಗಸು, ಪಕ್ಕದಲ್ಲಿ ಒಂದು ಕೈ, ಕೆಳಗೆ ಹೃದಯ. "ಸಿಟ್ಟು!" ಎಂದು ಅವಳು ಗೆದ್ದಳು. ಅವನೇ ಗ್ರೀಸು ಮೆತ್ತಿದ ಬೆರಳಿನಿಂದ ಗೋಡೆಯ ಮೇಲೆ ಬರೆದು, "ಇದು ನಿನ್ನ ಫೋಟೋ" ಎಂದು ಹಲ್ಲು ಕಿಸಿದಿದ್ದ ಅಕ್ಷರ.

"ಅದೊಂದನ್ನ ನೀನು ಮರೀತೀಯಾ?" ಎಂದು ಈಗ ಮೋಟಾರು ಕೋಣೆಯಲ್ಲಿ ಅವನನ್ನು ದಬಾಯಿಸಿದಳು. "ನನ್ನ ಕಿವಿಗೆ ಹೂವು ಇಡಬೇಡ."

"ನಿಂಗೆ ಎಷ್ಟು ಆಸೆ ಇತ್ತು ಅಂತ ನೋಡಿದ್ದೆ. ಅದಕ್ಕೆ..."

"ಅದಕ್ಕೆ ಭಿಕ್ಷೆ ಹಾಕಿದೆ!" ಅವಳ ದನಿ ಮೋಟಾರಿನ ಸದ್ದನ್ನೂ ಮೀರಿತು. "ಈಗ ನಾನು ಅಲ್ಲಿಗೆ ಹೋಗಿ ಒಂದೊಂದು ನಟ್ಟು ಬಿಚ್ಚುವಾಗಲೂ ಇದು ಗೋಂದು ದಯಪಾಲಿಸಿದ್ದು ಅಂತ ಅಂದ್ಕೋಬೇಕಾ? ಫೋನ್ ಎತ್ಕೊಂಡು ಕೂತ್ಕೋ ಅಂದವರಿಗೂ ನಿಂಗೂ ಏನೋ ವ್ಯತ್ಯಾಸ? ನಾನು ಗೆಲ್ಲಲ್ಲ ಅಂತಲೇ ಅವರಿಗೂ ಅನ್ನಿಸಿದ್ದು!"

ಅವನು ಬಟ್ಟೆ ಕೆಳಗಿಟ್ಟ. "ಹಾಗಲ್ಲ ಕಣೇ. ನಿನ್ನ ಮೇಲಿನ ಪ್ರೀತಿಗೆ ಮಾಡಿದ್ದು."

ಹೇಳಬಾರದ ಹೊತ್ತಿನಲ್ಲಿ ಹೇಳಿಬಿಟ್ಟಿದ್ದ. ಅವಳಿಗೆ ಸಿಟ್ಟು ದುಪ್ಪಟ್ಟಾಯಿತು. ಇಷ್ಟು ದಿನ ಕಾದಿದ್ದ ಮಾತನ್ನು ಈ ಕತ್ತೆ ಇಂಥ ಗಲೀಜು ಕೆಲಸಕ್ಕೆ ನೆಪ ಮಾಡಿಕೊಂಡಿತಲ್ಲ!

"ಪ್ರೀತಿ ಇದ್ರೆ ನನ್ನ ಜೊತೆ ನೆಟ್ಟಗೆ ಜಗಳ ಆಡು. ಏಳು. ಕೆಳಗೆ ನಡಿ."

ತೋಳು ಹಿಡಿದು ಎಳೆದುಕೊಂಡೇ ಹೋದಳು. ಮ್ಯಾನೇಜರ್ ಹುಬ್ಬೇರಿಸಿದರು, "ಗೆದ್ದವಳೇ ಮತ್ತೆ ಪರೀಕ್ಷೆ ಇಡಿ ಅಂತೀಯಲ್ಲಮ್ಮ, ಸೋತರೆ?"

"ಸೋತರೆ ಇಲ್ಲೇ ಇರ್ತೀನಿ ಸಾರ್. ಸಾಲದ ಗೆಲುವು ಬೇಡ."

ಮೇಡಂ ನಗುತ್ತಾ ಹೊಸ ಅಕ್ಷರಗಳನ್ನು ತೆಗೆದರು. ಈ ಸಲ ಗೋಂದು ಬಿಟ್ಟುಕೊಡಲಿಲ್ಲ. ಕಣ್ಣು ಕಿರಿದು ಮಾಡಿ, ತೊಡೆಯ ಮೇಲೆ ಬೆರಳಿನಿಂದ ಗೀಚಿ ಗೀಚಿ ಉತ್ತರ ಕೊಟ್ಟ. ಅವಳು ಒಂದು ಕಡೆ ಎಡವಿದಳು, ಅವನು ಮುಂದಾದ. ಸುಮ್ಮನೆ ಟಿಕೆಟ್ಟು ತಗೊಂಡು ಹೋಗಬಹುದಿತ್ತಲ್ಲ ಎಂದು ಒಂದು ಕ್ಷಣ ಅನ್ನಿಸಿದ್ದೂ ನಿಜ. ಆಮೇಲೆ ಅವನೂ ಎಡವಿದ. ಮತ್ತೆ ಸಮಸಮ.

ಕೊನೆಯದು ಪ್ಯಾನೆಲ್ಲಿನ ಮೇಲೆ ದಿನಾ ಮಿನುಗುವ ಪದ. ಗೋಂದು ಬಾಯಿ ತೆರೆದ, ಮುಚ್ಚಿದ, ತಲೆ ಕೆರೆದುಕೊಂಡ. ಅವನ ಕಿವಿ ಕೆಂಪಾಯಿತು. ನಾಟಕದಲ್ಲಿ ಕಿವಿ ಕೆಂಪಾಗುವುದಿಲ್ಲ. ಮೇಡಂ ಅವಳ ಕಡೆ ತಿರುಗಿದರು.

"ಕಾಯಿರಿ," ಎಂದು ಅವಳು ಓದಿದಳು. ಸರಿ ಉತ್ತರ.

ಹೊರಗೆ ಬಂದವನೇ ಗೋಂದು ಗೋಡೆಗೆ ಗುದ್ದಿದ. "ಥತ್! ದಿನಾ ಕಣ್ಣಿಗೆ ಬೀಳೋ ಪದ! ನಾನು ಗೆಲ್ಲೋ ಆಟ ಕಣೇ ಅದು!"

ಅವನು ಸಿಟ್ಟಾದದ್ದನ್ನು ಅವಳು ಮೊದಲ ಸಲ ನೋಡುತ್ತಿದ್ದಳು. ಮೂಗಿನ ಹೊಳ್ಳೆ ಅರಳಿತ್ತು, ಕೂದಲು ಕೆದರಿತ್ತು. ಎಷ್ಟು ಚೆನ್ನಾಗಿ ಕಾಣುತ್ತಿದ್ದಾನೆ ಎನ್ನಿಸಿ ತನ್ನ ಮೇಲೇ ರೇಗಿತು.

"ಈಗ ಹೇಳು, ಮೇಲೆ ಹೇಳಿದ್ಯಲ್ಲ, ಆ ಮಾತು."

"ಹೇಳಲ್ಲ ಹೋಗು. ಮೈಯೆಲ್ಲ ಉರೀತಿದೆ."

"ನನ್ನ ಮನಸ್ಸಲ್ಲೂ ಅದೇ ಇದೆ, ಆ ಮಾತು. ಗೊತ್ತಾಯ್ತಾ, ಕತ್ತೆ?"

ಅವನು ಅವಳ ಕಡೆ ತಿರುಗಿ ನೋಡಿದ. ಗಂಟಿಕ್ಕಿದ ಹುಬ್ಬು ಮಾತ್ರ ಹಾಗೇ ಇತ್ತು.

"ಒಂದು ವರ್ಷ ನಾನೇನು ಮಾಡ್ಲಿ ಇಲ್ಲಿ?"

"ಈಗ ಮರೆತ ಪದಾನ ಅಭ್ಯಾಸ ಮಾಡು."

ಗೋಂದು ಸಿಡುಕುತ್ತಲೇ ಅವಳ ಕೈ ಹಿಡಿದುಕೊಂಡ. ಲಿಫ್ಟ್ ಬಂದು, ಬಾಗಿಲು ತೆರೆದು, ಯಾರೂ ಹತ್ತದೆ ಹಾಗೇ ಕೆಳಗಿಳಿಯಿತು.