ನಮ್ಮ ಗಜನಿಯ ಕದಿರು

ಜೋಸ್ಲಿನ್ ಕೈಯಲ್ಲಿದ್ದದ್ದು ನಮ್ಮ ಗದ್ದೆಯ ಕದಿರು. ಹೊನ್ನಾವರದ ಚರ್ಚಿನ ಬಾಗಿಲಲ್ಲಿ ನಿಂತೇ ಗುರುತು ಹಿಡಿದೆ. ಬಾಳೆನಾರಿನ ಆ ಗಂಟು ನಾನೇ ಹಾಕಿದ್ದು.

ನಿನ್ನೆ ಬೆಳಿಗ್ಗೆ ಕಾಗಾಲದ ಗಜನಿ ಗದ್ದೆಯಲ್ಲಿ, ಉಪ್ಪುನೀರು ಬಂದು ಹೋಗುವ ಆ ಕೆಸರಲ್ಲಿ ಮೊಳಕಾಲವರೆಗೆ ಹೂತು ನಿಂತು, ಅಪ್ಪನ ಕಣ್ಣು ತಪ್ಪಿಸಿ ಕೊಯ್ದು ಸಾವಿಯೊನ ಕೈಗೆ ಕೊಟ್ಟಿದ್ದೆ. ಮೊದಲ ಕದಿರನ್ನು ನಮ್ಮಲ್ಲಿ ಹೊರಗಿನವರಿಗೆ ಕೊಡುವುದಿಲ್ಲ.

"ಓದಿಗಾ ಇದು?" ಎಂದಿದ್ದೆ.

"ಓದಿಗಲ್ಲ. ನಾಳೆ ಮೊಂತಿ ಹಬ್ಬ, ಮೇರಿಯಮ್ಮನ ತೆನೆ ಹಬ್ಬ. ಬಾ, ಗೊತ್ತಾಗ್ತದೆ," ಎಂದು ನಕ್ಕಿದ್ದ. ಆ ನಗು ಸಂಜೆಯವರೆಗೂ ನನ್ನ ಕೆನ್ನೆಯ ಮೇಲಿತ್ತು.

ಈಗ ಗೊತ್ತಾಯಿತು.

ನಮ್ಮೂರ ಅಳಿವೆಗೆ, ನದಿ ಕಡಲು ಸೇರುವಲ್ಲಿಗೆ, ಜೆಟ್ಟಿ ಬರುತ್ತದಂತೆ. ಬರುವ ಮೊದಲು ಇಲ್ಲಿ ಏನೇನಿದೆ, ಬಂದರೆ ಏನೇನು ಹೋಗುತ್ತದೆ ಎಂದು ಅಳೆದು ಬರೆಯುವುದು ಸಾವಿಯೊನ ಓದು. ಪರಿಸರ ಪರಿಣಾಮದ ಅಧ್ಯಯನ. ಅದೂ ಚರ್ಚಿನವರು ನಡೆಸುವ ಕೋರ್ಸು.

"ಭೂಮಿಯನ್ನು ದೇವರು ನಮ್ಮ ಹೆಸರಿಗೆ ಮಾಡ್ಲಿಲ್ಲ ನೇತ್ರಾ, ನೋಡ್ಕೊಳ್ಳಿ ಅಂತ ಒಪ್ಪಿಸಿದ್ದು," ಎಂದಿದ್ದ ಒಮ್ಮೆ.

"ಹೌದಾ? ಪಹಣಿ ಅಪ್ಪನ ಹತ್ರ ಉಂಟು. ಅಲ್ಲಿ ಹೋಗಿ ಹೇಳು."

ಓದಿನಲ್ಲಿ ಅವನ ಜೊತೆಗಾತಿ ಜೋಸ್ಲಿನ್. ಇಬ್ಬರೂ ಬಗ್ಗಿ ಚಿಪ್ಪಿಕಲ್ಲು ಎಣಿಸುವಾಗ ಅವಳ ಕೂದಲು ಅವನ ಭುಜಕ್ಕೆ ತಾಗುವುದನ್ನು ನಾನು ದಂಡೆಯಲ್ಲಿ ಕೂತು ಎಣಿಸಿದ್ದೇನೆ. ಎಣಿಸಿ ಮುಗಿದ ಮೇಲೆ ಒಟ್ಟಿಗೇ ಕಣ್ಣು ಮುಚ್ಚಿ ಪ್ರಾರ್ಥನೆ ಬೇರೆ. ಕೂದಲನ್ನು ಹೇಗೋ ಸಹಿಸಬಹುದು. ಆ ಪ್ರಾರ್ಥನೆಯ ಒಂದು ಶಬ್ದವೂ ನನಗೆ ಬಾರದು.

ಮಕ್ಕಳು ಮೇರಿಯಮ್ಮನಿಗೆ ಹೂ ಎರಚುತ್ತಿದ್ದರು. ನಾನು ಮೆಟ್ಟಿಲಿಳಿದೆ. ಹಿಂದೆಯೇ ಸಾವಿಯೊ ಓಡಿ ಬಂದ.

"ಎಂತ ಆತು?"

"ಎಂತದೂ ಇಲ್ಲ. ಕದಿರು ಅವಳಿಗೆ ಚೆಂದ ಕಾಣ್ತದೆ."

"ಅಯ್ಯೋ ಮಾರಾಯ್ತಿ! ಅದು ಯುವಕರ ಸಂಘದ ಪರವಾಗಿ ಹಿಡಿದದ್ದು. ಎಲ್ಲಿಯ ಕದಿರು ಅಂತ ಫಾದರ್ ಕೇಳಿದ್ರು. ಜೆಟ್ಟಿ ಬಂದರೆ ಮುಳುಗೋ ಗದ್ದೆಯದ್ದು ಅಂದೆ. ಹಾಗಾದ್ರೆ ಅದೇ ಮುಂದಿರಲಿ ಅಂದ್ರು."

"ನೀನೇ ಹಿಡೀಬಹುದಿತ್ತಲ್ಲ?"

ಉತ್ತರ ಬಂದದ್ದು ಅವನ ಬೆನ್ನ ಹಿಂದಿನಿಂದ. "ಇವನಾ? ಬಾಗಿಲ ಕಡೆಗೇ ಕತ್ತು ತಿರುಗಿಸಿ ಎರಡು ಸಲ ಬೀಳಿಸಿದ," ಎಂದಳು ಜೋಸ್ಲಿನ್, ಕದಿರನ್ನು ನನ್ನ ಕೈಗೆ ತುರುಕುತ್ತ. "ತಗೊ. ನೀನು ನೋಡಿದ ನೋಟಕ್ಕೆ ನನ್ನ ಕೈ ಸುಟ್ಟು ಹೋಯ್ತು."

ನಾನು ನಗಲಿಲ್ಲ. ಅವನೂ ನಗಲಿಲ್ಲ. "ಮನೆಗೆ ಬಾ," ಎಂದ, ಅಷ್ಟೇ.

ಅವನ ಮನೆಯಲ್ಲಿ ಅವನ ಅಮ್ಮ ಕದಿರು ಬಿಡಿಸಿ ಕಾಳು ಸುಲಿದರು. ಹೊಸ ಕಾಳು ಮನೆಯವರಿಗೆ ಮಾತ್ರ, ತಲೆಗೊಂದು, ಪಾಯಸದ ಬಟ್ಟಲಿಗೆ. ಕುವೈತಿನಲ್ಲಿರುವ ಮಗಳ ಪಾಲನ್ನು ಕಾಗದದಲ್ಲಿ ಮಡಚಿಟ್ಟರು. ನನ್ನ ಮುಂದೆ ಬರೀ ಪಾಯಸ. ನೆಂಟರ ಪಾಯಸ.

ಸಾವಿಯೊ ಕೈ ಚಾಚಿ ಇನ್ನೊಂದು ಕಾಳು ಸುಲಿದು ತಟ್ಟೆಯಲ್ಲಿಟ್ಟ.

"ಒಂದು ಹೆಚ್ಚಾಯ್ತಲ್ಲ ಪುತಾ," ಎಂದರು ಅಮ್ಮ.

"ಹೆಚ್ಚಾಗಲಿಲ್ಲ, ಮಮ್ಮಿ. ಸರಿ ಉಂಟು."

ಅವರು ಅವನನ್ನು ನೋಡಿದರು. ಆಮೇಲೆ ನನ್ನ ಉಗುರಲ್ಲಿ ಇನ್ನೂ ಉಳಿದಿದ್ದ ಗಜನಿಯ ಕೆಸರನ್ನು.

"ನಿಮ್ಮ ಅಪ್ಪನಿಗೆ ಗೊತ್ತುಂಟಾ?"

"ಕದಿರು ಕೊಟ್ಟದ್ದಾ, ಮಾಮಿ?"

"ಎರಡೂ."

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವರು ನಿಟ್ಟುಸಿರು ಬಿಟ್ಟು ಕಾಳನ್ನು ನನ್ನ ಬಟ್ಟಲಿಗೆ ಹಾಕಿದರು. "ಹಸಿ ಕಾಳು. ಉಗೀಬೇಡ."

"ಜೋಸ್ಲಿನ್‌ಗೂ ಹೀಗೆ ಸುಲಿದಿದ್ಯಾ ಯಾವತ್ತಾದ್ರೂ?" ಎಂದು ಅವನ ಕಿವಿಯಲ್ಲಿ ಕೇಳಿದೆ.

"ಅವಳ ಪಾಲಿಂದು ಅವಳ ಮನೇಲಿ ಉಂಟು. ನಿಂದು ಇಲ್ಲಿ."

ಆ ಕಾಳನ್ನು ನಾನು ನುಂಗಲಿಲ್ಲ. ಕುಮಟೆಯ ಬಸ್ಸು ಹತ್ತಿದ ಮೇಲೂ ಅದು ನನ್ನ ಕೆನ್ನೆಯೊಳಗಿತ್ತು. ಅಪ್ಪನ ಎದುರು ಎರಡನ್ನೂ ಹೇಳಬೇಕಲ್ಲ. ಹೊನ್ನಾವರ ದಾಟಿ, ಊರು ಹತ್ತಿರವಾದಾಗ, ಹಲ್ಲಿನ ನಡುವೆ ತಂದು ಕಚ್ಚಿದೆ.